ಬೀಜ ಕೊಟ್ಟವಳು ಬೆಳೆ ನೋಡಬಾರದು

ನವನಗರದ ನಮ್ಮ ಓಣಿಯ ಗಟಾರಕ್ಕೆ ಬ್ಲೀಚಿಂಗ್ ಪುಡಿ ಉದುರಿಸಿ ಹೋದ ದಿನ ನಾನು ಕಿಟಕಿ ಬಾಗಿಲು ಹಾಕಿಕೊಂಡು ಕೂಡುತ್ತೇನೆ. ಹಾಕಿಕೊಂಡರೂ ಆ ವಾಸನೆ ಸಂದಿಯಿಂದ ಬಂದೇ ಬರುತ್ತದೆ. ಬಂತೆಂದರೆ ಮುಗಿಯಿತು, ಮಾಡುತ್ತಿದ್ದ ಕೆಲಸ ಕೈಯಲ್ಲೇ ಉಳಿದು, ಮಲಪ್ರಭೆಯ ದಂಡೆಗೆ, ಕಮತಗಿಯಿಂದ ಒಳಕ್ಕಿದ್ದ ನಮ್ಮ ಮಣ್ಣಿನ ಮನೆಯ ಪಡಸಾಲೆ ಕಣ್ಣ ಮುಂದೆ ಬರುತ್ತದೆ. ಆ ಮಧ್ಯಾಹ್ನ ಅಲ್ಲಿ ಇದ್ದವರು ಇಷ್ಟೇ ಜನ: ನನ್ನನ್ನು ಸಾಕಿದ ಆಯಿ, ಅಂದರೆ ಅಪ್ಪನ ತಾಯಿ ಗಂಗವ್ವ, ಆಗಿನ್ನೂ ಮದುವೆಯಾಗದ ನನ್ನ ಕಾಕಾ, ರೇಷ್ಮೆ ಇಲಾಖೆಯಿಂದ ಬಂದಿದ್ದ ಒಬ್ಬ ಸಾಹೇಬರು, ಕಂಬ ಹಿಡಿದುಕೊಂಡು ನಿಂತಿದ್ದ ನಾನು. ಸಾಹೇಬರ ಮುಂದೆ ಹಿತ್ತಾಳೆ ಬಣ್ಣದ ಒಂದು ಸೂಕ್ಷ್ಮದರ್ಶಕವಿತ್ತು. ಆಯಿ ಅದರ ಮೇಲೆ ಬಗ್ಗಿ, ಒಂದು ಕಣ್ಣು ಕೈಯಿಂದ ಮುಚ್ಚಿಕೊಂಡು, ಭಾಳ ಹೊತ್ತು ನೋಡಿದಳು. ಆ ಬಗ್ಗಿದ ಬೆನ್ನು ಇವತ್ತಿಗೂ ನನಗೆ ಕಾಣುತ್ತದೆ. ಅದಾದ ಮೇಲೆ ಅವಳು ಪೂರ್ತಿ ನೆಟ್ಟಗೆ ನಿಂತದ್ದನ್ನು ನಾನು ನೋಡಿಲ್ಲ.

ಇದು ಹೀಗೇಕಾಯಿತು ಎಂದು ಹೇಳಬೇಕಾದರೆ ಮೊದಲು ಆಯಿಯ ಬೀಜದ ಕೋಣೆಯ ಮಾತು ಹೇಳಬೇಕು. ಅಡುಗೆಮನೆಯ ಬಗಲಿಗೆ, ಕಿಟಕಿಯಿಲ್ಲದ ಒಂದು ಸಣ್ಣ ಕೋಣೆ. ಬಾಗಿಲು ತೆಗೆದರೆ ಬೂದಿ, ಬೇವಿನ ತಪ್ಪಲು, ಒಣಗಿದ ಜೋಳದ ತಣ್ಣನೆಯ ವಾಸನೆ. ಸಾಲಾಗಿ ಗಡಿಗೆಗಳು, ಬಾಯಿಗೆ ಸಗಣಿ ಮೆತ್ತಿದ ಮುಚ್ಚಳಗಳು. ಸುಗ್ಗಿಯಲ್ಲಿ ಕಣಕ್ಕೆ ತೆನೆ ಬರುವ ಮೊದಲೇ ಆಯಿ ಹೊಲಕ್ಕೆ ಇಳಿದು, ಎಡಗೈಯಲ್ಲಿ ತೆನೆ ತೂಗಿ ನೋಡಿ, ಗಟ್ಟಿಕಾಳಿನವನ್ನು ಮಾತ್ರ ಮುರಿದು ಉಡಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಹಿಂಗಾರಿ ಬಿತ್ತುವ ಹೊತ್ತಿಗೆ ಊರ ಹೆಂಗಸರು ಮೊರ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಯಾರ ಬೀಜ ಹುಳು ತಿಂದಿದೆಯೋ, ಯಾರದು ಮುಗ್ಗಿದೆಯೋ, ಅವರಿಗೆ ಆಯಿ ಎರಡೂ ಕೈಯಿಂದ ಹಾಕುತ್ತಿದ್ದಳು. ಅದಕ್ಕೊಂದು ಕಟ್ಟಳೆ ಇತ್ತು. ಬೀಜ ಕೊಟ್ಟವಳು ಆ ಬೆಳೆ ನೋಡಲು ಹೋಗಬಾರದು. ಹೇಗಿದೆ ಎಂದು ಕೇಳಲೂ ಬಾರದು. ಕೇಳಿದರೆ ಕೊಟ್ಟದ್ದನ್ನು ಎತ್ತಿ ಆಡಿದಂತೆ, ಕಣ್ಣು ಹಾಕಿದಂತೆ. ಇಸಕೊಂಡವಳು ಬೆಳೆ ಕೆಟ್ಟರೂ ಕೊಟ್ಟವಳ ಮುಂದೆ ಕೆಟ್ಟಿತು ಅನ್ನಬಾರದು. ಅಂದರೆ ಕೊಟ್ಟ ಕೈಗೆ ಮಸಿ ಬಳಿದಂತೆ. ಈ ಕಟ್ಟಳೆಯನ್ನು ಯಾರು ಮಾಡಿದರೋ ಗೊತ್ತಿಲ್ಲ. ಅದರಲ್ಲಿ ಒಂದು ಮರ್ಯಾದೆ ಇತ್ತು, ಅಷ್ಟು ಖರೆ. ನಮ್ಮ ಆಯಿ ಬೇರೆಯವರ ಹೊಲದ ಬದುವಿನ ಮೇಲೆ ಹೋಗುವಾಗ ಸೆರಗನ್ನು ಮುಖದ ಆ ಕಡೆಗೆ ಎಳೆದುಕೊಂಡು ಹೋಗುತ್ತಿದ್ದಳು. ತನ್ನ ಬೀಜದ ಬೆಳೆ ತನ್ನ ಕಣ್ಣಿಗೆ ಬೀಳಬಾರದೆಂದು.

ಕಾಕಾ ಹೊಳೆಯ ನೀರೆತ್ತಿ ಹೊಲದ ಒಂದು ತುಂಡಿಗೆ ಹಿಪ್ಪುನೇರಳೆ ಹಚ್ಚಿದ. ರೇಷ್ಮೆಹುಳದ ಮೊಟ್ಟೆ ಮಾಡಿ ಮಾರುವ ಬಿತ್ತನೆ ಕೋಠಿಯಿಂದ ಮೊಟ್ಟೆಯ ಹಾಳೆ ತಂದ. ಪಡಸಾಲೆಯ ತುಂಬ ಕಟ್ಟಿಗೆಯ ಚೌಕಟ್ಟು ನಿಂತು, ಅದರ ಮೇಲೆ ಬಿದಿರಿನ ತಟ್ಟೆಗಳು ಏರಿದವು. ಇರುವೆ ಹತ್ತಬಾರದೆಂದು ಚೌಕಟ್ಟಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಟ್ಟಿದ್ದರು. ನಾವು ಕಾಲು ತೊಳೆದುಕೊಂಡು, ಹೊಸ್ತಿಲ ಮೇಲೆ ನಿಂತು ನೋಡಬೇಕು, ಒಳಗೆ ಹೋಗುವಂತಿಲ್ಲ. ಹುಳು ದೊಡ್ಡವಾಗಿ ಸೊಪ್ಪು ಮೇಯುವ ಸದ್ದನ್ನು ಮಳೆಯ ಸದ್ದು ಅನ್ನುವವರಿದ್ದಾರೆ. ನಮ್ಮ ಕಡೆ ಮಳೆಯ ಸದ್ದು ಕೇಳಿ ಯಾರಿಗೆ ರೂಢಿ? ಆಯಿ ಅನ್ನುತ್ತಿದ್ದಳು, ಕೊಟ್ಟಿಗೆಯಲ್ಲಿ ಎತ್ತು ಕಣಕಿ ಮೆಲ್ಲುವ ಸದ್ದು ಅದು ಅಂತ. ಹಸಿಸೊಪ್ಪಿನ ವಗರು ವಾಸನೆ, ಹಿಕ್ಕೆಯ ಬೆಚ್ಚಗಿನ ವಾಸನೆ, ಆ ಸದ್ದು. ಇವುಗಳ ನಡುವೆ ನಾನು ಲೆಕ್ಕ ಬರೆದೆ, ನಿದ್ದೆ ಮಾಡಿದೆ, ಹಲ್ಲು ಉದುರಿಸಿಕೊಂಡೆ. ಹುಳು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತಾಗ ಅವು ತಲೆ ಎತ್ತಿ, ಏನನ್ನೋ ಕೇಳುವವರ ಹಾಗೆ ಸುಮ್ಮನಾಗುತ್ತವೆ. ಆಗ ಮನೆಯೂ ಸುಮ್ಮನಾಗುತ್ತಿತ್ತು. ಆಯಿ ಒಲೆಯ ಮುಂದೆ ರೊಟ್ಟಿಯನ್ನು ಕೂಡ ಮೆತ್ತಗೆ ಬಡಿಯುತ್ತಿದ್ದಳು. "ಜ್ವರ ಬಂದಾವ ಕೂಸುಗಳಿಗೆ" ಅನ್ನುತ್ತಿದ್ದಳು.

ಮೊದಲ ಬೆಳೆ ಚೆನ್ನಾಗಿ ಬಂತು. ಗೂಡು ಮಾರಲು ಕಾಕಾ ಚೀಲ ಕಟ್ಟುತ್ತಿದ್ದರೆ ಆಯಿ ಬಗಲಿಗೆ ಕೂತು ಗೂಡುಗಳನ್ನು ಒಂದೊಂದೇ ಎಡಗೈಯಲ್ಲಿ ತೂಗಿ ನೋಡಿ ಉಡಿಯಲ್ಲಿ ಹಾಕಿಕೊಳ್ಳುತ್ತಿದ್ದಳು. ಕಾಕಾ ನೋಡಿದ.

"ಯವ್ವಾ, ಏನ ಮಾಡಾಕತ್ತಿ?"

"ಬೀಜಕ್ಕ ಇಡ್ತೇನಿ. ಮುಂದಿನ ಬೆಳಿಗೆ ಮತ್ತ ಆ ಕೋಠಿ ಬಾಗಲಾ ಬಡೀತಿಯೇನ? ಬೀಜ ಕೊಂಡು ತರೂ ಮನಿ ಒಂದ ಮನಿಯೇನಪಾ?"

"ಇದು ಜ್ವಾಳಲ್ಲ ಬೇ, ಹುಳ. ಹುಳಕ್ಕೂ ಗಡಿಗ್ಯಾಗ ಬೂದಿ ಹಾಕಿ ಇಡ್ತೀಯೇನ?"

"ನಿನ್ನ ಹಂಗ ಇಟ್ಟಿದ್ರ ನೀನರ ಗಟ್ಟಿ ಆಗ್ತಿದ್ದಿ" ಎಂದಳು ಆಯಿ. ಕಾಕಾ ನಕ್ಕುಬಿಟ್ಟ. ನಕ್ಕಲ್ಲಿಗೆ ಮಾತು ಮುಗಿಯಿತು. ನಮ್ಮ ಮನೆಯಲ್ಲಿ ಬೀಜದ ಮಾತಿನಲ್ಲಿ ಆಯಿಗೆ ಎದುರಾಡಿದವರೇ ಇರಲಿಲ್ಲ.

ಗೂಡು ಒಡೆದು ಪತಂಗಗಳು ಬಂದವು. ಬೆಳ್ಳಗೆ, ಮೈಗೆಲ್ಲ ಹಿಟ್ಟು ಬಳಿದುಕೊಂಡಂತೆ. ರೆಕ್ಕೆ ಇದ್ದೂ ಹಾರಲಾರವು. ಆಯಿ ತನ್ನ ಹಳೆಯ ಇಳಕಲ್ ಸೀರೆಯ ಮೆತ್ತಗಾದ ಒಡಲು ಹರಿದು ಬುಟ್ಟಿಯ ಕೆಳಗೆ ಹಾಸಿದಳು. ಹೆಣ್ಣು ಪತಂಗಗಳು ಅದರ ಮೇಲೆ ತತ್ತಿ ಇಟ್ಟವು, ಗಸಗಸೆ ಚೆಲ್ಲಿದ ಹಾಗೆ. ತತ್ತಿ ಇಟ್ಟು ಸುಸ್ತಾದ ಪತಂಗಗಳನ್ನು ಆಯಿ "ಬಾಣಂತೇರು" ಎಂದು ಕರೆದಳು. ಅವು ಸಾಯುವ ತನಕ ಯಾರೂ ಮುಟ್ಟದಂತೆ ಮೂಲೆಯಲ್ಲಿ ಇಟ್ಟಳು. ಆ ಮನೆಬೀಜದ ಬೆಳೆಯೂ ಬಂತು. ಒಂದಿಷ್ಟು ಹುಳು ಸಣ್ಣವೇ ಉಳಿದವು, ಒಂದಿಷ್ಟು ಹಿಂದುಳಿದವು, ಆದರೂ ಗೂಡಾದವು. ಓಣಿಯಲ್ಲಿ ಸುದ್ದಿಯಾಯಿತು: ಗಂಗವ್ವನ ಕೈಗುಣ ಹುಳಕ್ಕೂ ಹತ್ತೈತಿ. ಆಯಿ ಆ ಮಾತು ಕೇಳಿ ಆ ವಾರ ಹೋಳಿಗೆ ಮಾಡಿದಳು.

ಹುಸೇನಬಿ ಬಂದದ್ದು ಆಗ. ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಅವಳ ಮನೆ. ಗಂಡ ಕುಣಿಮಗ್ಗದಲ್ಲಿ ಕೂತು ಇಳಕಲ್ ಸೀರೆ ನೇಯುತ್ತಿದ್ದ. ಹೊಳೆಯ ದಂಡೆಗೆ ಒಂದು ತುಂಡು ಹೊಲವೂ ಇತ್ತು. ಅವಳೂ ಆಯಿಯೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರಂತೆ. ಆಯಿಗೆ ತಂಗಿಯರಿರಲಿಲ್ಲ. ಹುಸೇನಬಿ ಅಕ್ಕಾ ಎಂದು ಕರೆದು ಕರೆದು ತಂಗಿಯೇ ಆಗಿದ್ದಳು. ಅವಳು ವಯಸ್ಸಾದ ಮೇಲೆ ಹಡೆದ ಒಬ್ಬಳೇ ಮಗಳು ಶಮೀಮ, ಅವಳ ನಿಶ್ಚಯವಾಗಿತ್ತು. ಹುಸೇನಬಿಗೆ ಒಂದೇ ಆಸೆ. ಇಷ್ಟು ವರ್ಷ ಗಂಡ ಊರವರ ಮಕ್ಕಳಿಗೆಲ್ಲ ಕೊಂಡ ರೇಷ್ಮೆಯಲ್ಲಿ ಸೆರಗು ನೇಯ್ದ; ತನ್ನ ಮಗಳ ಸೆರಗು ತಾನೇ ಸಾಕಿದ ಹುಳದ ರೇಷ್ಮೆಯದಾಗಬೇಕು. ಹುಳದಿಂದ ಸೆರಗಿನ ತುದಿಯವರೆಗೆ ಬೇರೆಯವರ ಕೈ ಬೀಳಬಾರದು. ಕಾಕಾನ ತೋಟದಿಂದ ಸೊಪ್ಪು ಒಯ್ಯುವುದೆಂದಾಯಿತು. ಬೀಜ ಆಯಿಯದು, ಆ ಮನೆಬೆಳೆಯ ಗೂಡುಗಳಿಂದ ಮತ್ತೆ ತೆಗೆದದ್ದು. ತತ್ತಿ ತುಂಬಿದ ಸೀರೆಯ ತುಂಡನ್ನು ಆಯಿ ಮೊರದಲ್ಲಿ ಹಾಸಿ, ಮೇಲೆ ಒಂದು ಬೇವಿನ ಎಸಳು ಇಟ್ಟು ಕೊಟ್ಟಳು. ಹುಸೇನಬಿ ಮೊರವನ್ನು ಹಣೆಗೆ ಮುಟ್ಟಿಸಿಕೊಂಡು ಒಯ್ದಳು. ಅಲ್ಲಿಂದ ಮುಂದೆ ಆಯಿ ಆ ಓಣಿಗೆ ಕಾಲಿಡಲಿಲ್ಲ. ಕಟ್ಟಳೆ.

ಸೊಪ್ಪು ಒಯ್ಯಲು ಹುಸೇನಬಿ ಬಂದರೆ ಆಯಿ ಹುಳದ ಮಾತು ಬಿಟ್ಟು ಮತ್ತೆಲ್ಲ ಮಾತಾಡುತ್ತಿದ್ದಳು. ಶಮೀಮನ ಅತ್ತೆಯ ಸ್ವಭಾವ, ಪುಂಡಿಪಲ್ಯೆಗೆ ಹಾಕುವ ಬೆಳ್ಳುಳ್ಳಿ, ಕಾಲುನೋವು. ಹುಸೇನಬಿಯ ಮುಖ ದಿನದಿನಕ್ಕೆ ಬಾಡುತ್ತಿತ್ತು. ಆಯಿ ಮದುವೆಯ ಚಿಂತೆ ಎಂದುಕೊಂಡಳು. ನಮ್ಮ ಹುಳುಗಳೂ ಆಗ ನಾಲ್ಕನೇ ಜ್ವರ ಎದ್ದಿದ್ದವು. ಎದ್ದವು ಅನ್ನುವುದಾದರೂ ಹೇಗೆ? ಅರ್ಧ ಎದ್ದವು, ಅರ್ಧ ಇನ್ನೂ ಕೂತೇ ಇದ್ದವು. ಒಂದು ಬೆರಳುದ್ದ, ಪಕ್ಕದ್ದು ಇರುವೆಯಷ್ಟು. ಸೊಪ್ಪು ಹಾಕಿದರೆ ಹಾಕಿದಂತೆ ಉಳಿಯುತ್ತಿತ್ತು. ಆ ಮೆಲ್ಲುವ ಸದ್ದು ಕಡಿಮೆಯಾಗುತ್ತಾ ಬಂದದ್ದು ಮನೆಯಲ್ಲಿ ಎಲ್ಲರಿಗೂ ಕೇಳಿಸಿತು. ಆಮೇಲೆ ಅವುಗಳ ಮೈಮೇಲೆ ಕರಿ ಚುಕ್ಕೆ ಎದ್ದವು, ಮೆಣಸು ಕುಟ್ಟಿ ಉದುರಿಸಿದ ಹಾಗೆ. ಕಾಕಾ ಒಂದು ಹುಳವನ್ನು ಅಂಗೈಯಲ್ಲಿ ಹಿಡಿದು ಆಯಿಗೆ ತೋರಿಸಿ, ಅಂಗಿ ಹಾಕಿಕೊಂಡು ಬಸ್ಸಿಗೆ ಹೋದ. ಮರುದಿನ ಸಾಹೇಬರನ್ನು ಕರೆತಂದ.

ಸಾಹೇಬರು ಕೋಲಾರದ ಕಡೆಯವರು. ಅವರ ಮಾತು ನಮಗೆ ಪಾಠದ ಪುಸ್ತಕ ಓದಿದಂತೆ ಕೇಳುತ್ತಿತ್ತು. ಮೆತ್ತಗಿನ ಮನುಷ್ಯ. ಹುಳ ನೋಡಿ, "ಬಿತ್ತನೆ ಎಲ್ಲಿಂದ ತಂದಿರಿ?" ಎಂದು ಕೇಳಿದರು. ಕಾಕಾ ನೆಲ ನೋಡಿದ. "ನಂದು ಬೀಜ" ಎಂದಳು ಆಯಿ, ಊರಿಗೆ ಹೇಳುವಷ್ಟು ಗಟ್ಟಿಯಾಗಿ. ತತ್ತಿ ಇಟ್ಟ ತಾಯಿಪತಂಗ ಉಳಿದಿವೆಯೇ ಎಂದು ಅವರು ಕೇಳಿದರು. ಅಂದರೆ ಆಯಿಯ ಬಾಣಂತಿಯರು. ಮೂಲೆಯ ಬುಟ್ಟಿಯಲ್ಲಿ ಸತ್ತು ಒಣಗಿದ್ದವನ್ನು ಆಯಿಯೇ ತಂದುಕೊಟ್ಟಳು. ಅವರು ಒಂದನ್ನು ತಮ್ಮ ಸಣ್ಣ ಒರಳಿನಲ್ಲಿ ಹಾಕಿ, ನೀರಿನಂಥದೇನನ್ನೋ ಬಿಟ್ಟು ಅರೆಯತೊಡಗಿದರು. ಆಯಿ ಕಾಕಾನ ತೋಳು ಹಿಡಿದುಕೊಂಡಳು. "ಬಾಣಂತೀನ ಅರ್‍ಯಾಕತ್ತಾನಲ್ಲೋ ಇಂವ" ಎಂದಳು.

ಅರೆದದ್ದರ ಒಂದು ಹನಿಯನ್ನು ಗಾಜಿಗೆ ಹಚ್ಚಿ ಅವರು ನೋಡಿದರು, ನೋಡಿ ಸರಿದು ಕೂತು, "ಅಜ್ಜಿ, ನೀವೇ ನೋಡಿ" ಎಂದರು. ಆಗಲೇ ಆಯಿ ಬಗ್ಗಿದ್ದು. ಆಮೇಲೆ ನನಗೂ ತೋರಿಸಿದರು. ಮಸುಕು ನೀರಿನಲ್ಲಿ ಉದ್ದುರುಟಾದ, ಹೊಳೆಯುವ ಕಾಳುಗಳು. ಒಂದೆರಡಲ್ಲ, ಕಣದ ತುಂಬ. ಒಂದೊಂದೂ ತುಂಬಿದ ಕಾಳು, ಸುಕ್ಕಿಲ್ಲ, ಹುಳುಕಿಲ್ಲ.

"ಇವೂ ಬೀಜಾನ ಅದಾವಲ್ಲೋ ತಮ್ಮಾ" ಎಂದಳು ಆಯಿ.

ಸಾಹೇಬರು ಹೌದಮ್ಮ ಎಂದರು. ಇದಕ್ಕೆ ಗಂಟುರೋಗ ಅನ್ನುತ್ತಾರೆ, ಕಣ್ಣಿಗೆ ಕಾಣದ ಜೀವಿಯ ಬೀಜ ಇದು. ಸೊಪ್ಪಿನ ಮೇಲೆ ಬೇರೆ ಯಾವುದೋ ಕಾಡುಹುಳ ಬಿಟ್ಟುಹೋದದ್ದಿರಬಹುದು, ಎಲ್ಲಿಂದ ಬಂತೆಂದು ಹೇಳಲಾಗದು. ಸೊಪ್ಪಿನ ಜೊತೆ ಹುಳದ ಹೊಟ್ಟೆ ಸೇರುತ್ತದೆ. ಈ ಕಾಳಿನ ಒಳಗೆ ಸುರುಳಿ ಸುತ್ತಿದ ಒಂದು ಎಳೆ ಇರುತ್ತದೆ. ಕರುಳಿಗೆ ಬಿದ್ದಕೂಡಲೇ ಆ ಎಳೆ ಚಿಮ್ಮಿ ಕರುಳಿನ ಗೋಡೆಗೆ ಚುಚ್ಚಿಕೊಂಡು, ಅದರೊಳಗಿಂದ ತಿರುಳು ಹುಳದ ಮೈಗೆ ಇಳಿಯುತ್ತದೆ. ಹುಳು ಎಳೆ ತೆಗೆದು ತನ್ನನ್ನು ಮುಚ್ಚಿಕೊಂಡರೆ ಇದು ಎಳೆ ಎಸೆದು ಬೇರೆಯವರ ಮನೆ ಹೊಗುತ್ತದೆ. ಹೊಕ್ಕಮೇಲೆ ತನ್ನದೆಂಬ ಒಲೆಯಿಲ್ಲ ಅದಕ್ಕೆ. ಆ ಮನೆಯ ಒಲೆಯ ಮೇಲೇ ತನ್ನ ರೊಟ್ಟಿ ಸುಟ್ಟುಕೊಂಡು ಬೆಳೆಯುತ್ತದೆ. ಒಲೆಯ ಮಾತು ಸಾಹೇಬರದಲ್ಲ, ಅವರು ಹೇಳಿದ್ದನ್ನು ಆಯಿ ಆಮೇಲೆ ನನಗೆ ಹೇಳಿದ ರೀತಿ ಅದು. ಸಾಹೇಬರು ಕೊನೆಗೆ ಹೇಳಿದ್ದು ಇಷ್ಟು: "ತಾಯಿ ಎಷ್ಟೋ ಸಲ ಸಾಯುವುದಿಲ್ಲ ಅಜ್ಜಿ. ಗಟ್ಟಿಯಾಗೇ ಇರುತ್ತಾಳೆ, ಒಳ್ಳೆ ಗೂಡೇ ಕಟ್ಟುತ್ತಾಳೆ. ಮೊಟ್ಟೆಯ ಒಳಗೇ ಇಟ್ಟು ಮಕ್ಕಳಿಗೆ ಕೊಡುತ್ತಾಳೆ. ಅದಕ್ಕೇ ಕೋಠಿಯಲ್ಲಿ ತಾಯಂದಿರನ್ನು ಅರೆದು ನೋಡುವುದು. ತೂಕ ನೋಡಿ, ಬಣ್ಣ ನೋಡಿ ತಿಳಿಯುವಂಥದಲ್ಲ ಇದು."

ಆಯಿ ತನ್ನ ಎಡಗೈಯನ್ನು ತಿರುಗಿಸಿ ನೋಡಿಕೊಂಡಳು. ಹುಳ, ತಟ್ಟೆ, ಹಾಸಿದ ಹಾಳೆ, ಎಲ್ಲ ಸುಡಬೇಕು, ಮನೆ ಪೂರ್ತಿ ತೊಳೆಯಬೇಕು ಎಂದರು ಸಾಹೇಬರು. ಮತ್ತೆ ಯಾರಿಗಾದರೂ ಈ ಬೀಜ ಕೊಟ್ಟಿದ್ದೀರಾ ಎಂದು ಕೇಳಿದರು. ಕಾಕಾ ಬಾಯಿ ತೆರೆಯುವ ಮೊದಲೇ ಆಯಿ ಎದ್ದಿದ್ದಳು. "ನಾನ ಹೋಗ್ತೇನಿ. ನೀವು ಯಾರೂ ಹೇಳಬ್ಯಾಡ್ರಿ ಆಕಿಗೆ" ಎಂದು ನನ್ನ ಹೆಗಲ ಮೇಲೆ ಕೈಯಿಟ್ಟಳು. ಆ ಕೈಯ ಭಾರ ಓಣಿ ತಿರುಗುವ ತನಕ ಹೆಚ್ಚುತ್ತಲೇ ಇತ್ತು.

ಹುಸೇನಬಿ ಬಾಗಿಲಲ್ಲೇ ಕೂತಿದ್ದಳು. ಒಳಗೆ ಮಗ್ಗ ಸುಮ್ಮನಿತ್ತು. ಆಯಿಯನ್ನು ಕಂಡು ದಡಕ್ಕನೆ ಎದ್ದು ಒಳಗಿನ ಬಾಗಿಲಿಗೆ ಅಡ್ಡ ನಿಂತಳು.

"ಯಾಕ ಬಂದೆಬೇ ಅಕ್ಕಾ? ನೀ ಬರಬಾರದು."

"ಆ ಕಡೆ ಸರಿ. ನೋಡ್ತೇನಿ."

"ಚೊಲೊ ಅದಾವ. ಭಾಳ ಚೊಲೊ ಅದಾವ. ಬ್ಯಾಡ, ನೀ ನೋಡಬ್ಯಾಡ."

"ಹುಸೇನಾ, ಸ್ವಲ್ಪ ಸರದ ನಿಲ್ಲ."

ಅವಳು ಸರಿಯಲಿಲ್ಲ, ಆಯಿ ಅವಳನ್ನು ಹಿಡಿದು ಪಕ್ಕಕ್ಕೆ ನಿಲ್ಲಿಸಿದಳು, ಕೂಸನ್ನು ನಿಲ್ಲಿಸಿದಂತೆ. ತಟ್ಟೆಗಳಲ್ಲಿ ಹುಳುಗಳು ಅರ್ಧಕ್ಕರ್ಧ ಸತ್ತಿದ್ದವು. ಉಳಿದವುಗಳ ಮೈಮೇಲೆ ಅದೇ ಚುಕ್ಕೆ. ಒಂದು ಮೂಲೆಯಲ್ಲಿ ಮಾತ್ರ ಒಂದಿಷ್ಟು ಹುಳು ಹಣ್ಣಾಗಿ, ಮೈ ತಿಳಿಯಾಗಿ, ಗೂಡು ಕಟ್ಟಲು ಇಟ್ಟ ಬಿದಿರಿನ ಚಂದ್ರಿಕೆ ಏರಿ ಎಳೆ ತೆಗೆಯುತ್ತಿದ್ದವು. ಶಮೀಮ ಅವುಗಳ ಪಕ್ಕದಲ್ಲೇ ಕೂತಿದ್ದಳು. ಎದ್ದು ನಿಲ್ಲಲಿಲ್ಲ.

"ಯಾವಾಗಿಂದ?" ಎಂದಳು ಆಯಿ.

"ಎರಡನೇ ಜ್ವರದಿಂದ."

"ನನಗೊಂದ ಮಾತು ಹೇಳಬಾರದಾ? ಅವತ್ತ ಹೇಳಿದ್ರ ನಮ್ಮ ಹುಳಾನೂ ನೋಡ್ತಿದ್ವಿ. ನಿನಗ ಕೋಠಿಯಿಂದ ಬ್ಯಾರೆ ತರಸ್ತಿದ್ದೆ. ಮದವಿಗೆ ಇನ್ನೂ ದಿನಾ ಇದ್ವಲ್ಲೇ."

"ಹೆಂಗ ಹೇಳಲಿಬೇ, ಬೀಜ ಕೊಟ್ಟಾಕಿ ಮುಂದ? ನೀನರ ಒಮ್ಮೆ ಕೇಳಿದೇನ?"

ಕೇಳುವುದು ಆಯಿಯ ಮರ್ಯಾದೆಯಾಗಿರಲಿಲ್ಲ, ಹೇಳುವುದು ಹುಸೇನಬಿಯ ಮರ್ಯಾದೆಯಾಗಿರಲಿಲ್ಲ. ಇಬ್ಬರ ಮರ್ಯಾದೆಯ ನಡುವೆ ಆ ಕಾಳುಗಳು ಯಾರ ಅಡ್ಡಿಯೂ ಇಲ್ಲದೆ ಬೆಳೆದುಕೊಂಡವು. ಚಂದ್ರಿಕೆಯ ಮೇಲಿನವನ್ನಾದರೂ ಬಿಡಬಹುದೇ, ಸೆರಗಿನ ಅಂಚಿಗಾದರೂ ಆದೀತು ಎಂದು ಹುಸೇನಬಿ ಮೆಲ್ಲಗೆ ಕೇಳಿದಳು. ಆಯಿ ಇಲ್ಲವೆಂದು ತಲೆಯಾಡಿಸಿದಳು. ಚಂದ್ರಿಕೆಯನ್ನು ಶಮೀಮನೇ ಎತ್ತಿಕೊಂಡು ಬಂದಳು. ಊರ ಹೊರಗೆ, ಹೊಳೆಗೆ ಇಳಿಯುವ ದಾರಿಯ ಬದಿಗೆ ಕಾಕಾ ತಗ್ಗು ತೋಡಿದ್ದ. ಎರಡೂ ಮನೆಯ ಹುಳ ಒಂದೇ ತಗ್ಗಿನಲ್ಲಿ ಸುಟ್ಟವು. ಆಯಿ ತತ್ತಿ ಅಂಟಿದ ತನ್ನ ಸೀರೆಯ ತುಂಡನ್ನೂ ಹಾಕಿದಳು. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಇಬ್ಬರೂ ಗಾಳಿ ಬೀಸುವ ಕಡೆಯೇ ನಿಂತಿದ್ದರು, ಸರಿಯಲಿಲ್ಲ. ಆಮೇಲೆ ಎರಡೂ ಮನೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆದರು. ಪಡಸಾಲೆ, ಕಂಬ, ಬೀಜದ ಕೋಣೆ. ಬೂದಿ ಬೇವಿನ ವಾಸನೆ ಅಲ್ಲಿಂದ ಹೋದದ್ದು ಹೋಯಿತು, ಮತ್ತೆ ಬರಲಿಲ್ಲ.

ಶಮೀಮನ ಮದುವೆ ಆಯಿತು. ಸೆರಗಿಗೆ ಪೇಟೆಯಿಂದ ಕೆಂಪು ರೇಷ್ಮೆ ತಂದರು. ಅವಳಪ್ಪ ಚೆನ್ನಾಗಿಯೇ ನೇಯ್ದ. ಆಯಿ ಹೋಗಿ ಅಕ್ಕಿಕಾಳು ಹಾಕಿ ಬಂದಳು. ಆ ವರ್ಷದ ಹಿಂಗಾರಿಗೆ ಹೆಂಗಸರು ಮೊರ ಹಿಡಿದು ಬಂದಾಗ ಆಯಿ ಕೋಣೆಯ ಬಾಗಿಲು ತೆಗೆಯಲಿಲ್ಲ. "ನನ್ನ ಕೈ ನಂಬಬ್ಯಾಡ್ರೇ ಅವ್ವಗೋಳ್ಯಾ, ಅಂಗಡ್ಯಾಗ ಪಾಕೀಟ ಸಿಗ್ತಾವ" ಎಂದಳು. ಜೋಳಕ್ಕೂ ಹುಳಕ್ಕೂ ಏನು ಸಂಬಂಧವೆಂದು ಎಲ್ಲರೂ ಹೇಳಿದರು. ಹೇಳಿ ಹೋದರು. ಹುಸೇನಬಿ ಮಾತ್ರ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟಳು. ಬಿಸಿಲು ಕಟ್ಟೆಯಿಂದ ಇಳಿದು ಅಂಗಳಕ್ಕೆ ಹೋಯಿತು. ಕೊನೆಗೆ ಆಯಿ ಬಯ್ಯುತ್ತಾ ಎದ್ದು ಗಡಿಗೆಯ ಬಾಯಿ ಬಿಚ್ಚಿ, ಕಾಳನ್ನು ಕೈಯಲ್ಲಿ ಹಿಡಿದು, ಕಣ್ಣ ಹತ್ತಿರ ತಂದು, ಇನ್ನೂ ಹತ್ತಿರ ತಂದು ನೋಡಿ ನೋಡಿ ಹಾಕಿದಳು. ಅಲ್ಲಿಂದ ಅವಳು ಬೀಜ ಕೊಟ್ಟದ್ದು ಹುಸೇನಬಿ ಒಬ್ಬಳಿಗೆ.

ಆ ಮನೆ ಈಗಿಲ್ಲ. ಕಾಕಾ ಮೊದಲು ಹಿಪ್ಪುನೇರಳೆ ಕಿತ್ತ, ಆಮೇಲೆ ಮಣ್ಣಿನ ಗೋಡೆ ಬೀಳಿಸಿ ಇಟ್ಟಂಗಿ ಮನೆ ಕಟ್ಟಿದ. ಬೀಜದ ಕೋಣೆ ಇದ್ದಲ್ಲಿ ಬಚ್ಚಲು ಬಂತು. ನಾನು ಇಲ್ಲಿ ಬಂದು ನೆಲೆಸಿದೆ. ಹೆಸರು ಹಿಡಿದು ಹೇಳಲು ಉಳಿದವರು ಕಡಿಮೆ. ಹೇಳಿದರೆ ಕೇಳುವವರು ಇನ್ನೂ ಕಡಿಮೆ. ನಿಮಗೂ ಇಂಥದೊಂದು ಕೋಣೆ ಇದ್ದಿರಬಹುದು, ಅದರ ವಾಸನೆ ನಿಮಗೆ ಗೊತ್ತಿರಬಹುದು, ಅದಕ್ಕೇ ಇಷ್ಟು ಹೇಳಿದೆ. ಆಯಿ ಹೋದದ್ದು ಒಂದು ಬೇಸಿಗೆಯಲ್ಲಿ, ಹೆಚ್ಚು ನರಳದೆ. ಕೊನೆಯ ದಿನಗಳಲ್ಲಿ ಎಡಗೈಯನ್ನು ಹೊದಿಕೆಯ ಒಳಗೇ ಇಟ್ಟುಕೊಳ್ಳುತ್ತಿದ್ದಳು.

ಆ ವರ್ಷ ಹಿಂಗಾರಿಗೆ ಹುಸೇನಬಿ ಮೊರ ಹೊತ್ತುಕೊಂಡು ಕಾಕಾನ ಮನೆಗೆ ಬಂದಳು. ಮೊರ ತುಂಬ ಬಿಳಿಜೋಳ, ಮೇಲೊಂದು ಬೇವಿನ ಎಸಳು. ಆಯಿಯ ಬೀಜ, ಅವಳ ಹೊಲದಲ್ಲಿ ಉಳಿದದ್ದು. ಕಾಕಾ ಪಾಕೀಟು ಬಿಟ್ಟು ಅದನ್ನೇ ಬಿತ್ತಿದ. ಬೆಳೆ ಮೊಣಕಾಲುದ್ದ ಬಂದಾಗ ಹುಸೇನಬಿ ಹೊಲಕ್ಕೆ ಬಂದಳು. ಹೊಡೆ ಒಡೆದಾಗ ಮತ್ತೆ ಬಂದಳು. ಕೋಲೂರಿಕೊಂಡು ಬದುವಿನ ಮೇಲೆ ನಿಂತು ಪ್ರತಿಸಲ ಒಂದೇ ಮಾತು ಕೇಳುತ್ತಿದ್ದಳು: "ಹೆಂಗೈತೋ? ಖರೇ ಹೇಳ." ಕಾಳು ಕಟ್ಟುವ ಹೊತ್ತಿಗೆ ಕಾಕಾ ಅವಳನ್ನು ಕೈಹಿಡಿದು ಸಾಲಿನ ನಡುವೆ ಕರೆದೊಯ್ದು, ಕಾಳೆಲ್ಲ ಕರಿಪುಡಿಯಾಗುವ ಕಾಡಿಗೆ ರೋಗ ಹಿಡಿದ ಒಂದು ತೆನೆ ತೋರಿಸಿದ. ಹುಸೇನಬಿ ಅದನ್ನು ಮೆತ್ತಗೆ ಮುರಿದು, ಕರಿ ಉದುರದಂತೆ ಸೆರಗಿನಲ್ಲಿ ಸುತ್ತಿಕೊಂಡು, ಹೊಳೆಯ ದಾರಿಯ ಬದಿಗೆ ಹೋಗಿ ಸುಟ್ಟು ಬಂದಳು. ಬಂದು, ಮತ್ತೊಂದು ಸಾಲು ನೋಡೋಣವೆಂದಳು.